ಥಾಯ್ ಸಂಗಾತಿಯನ್ನು ಮದುವೆಯಾದವರ ವೀಸಾ: ಯಾವ ಕಾಗದ, ಯಾವಾಗ, ಯಾವ ಕ್ರಮದಲ್ಲಿ

ಥಾಯ್ಲೆಂಡಿನ ವಲಸೆ ಕಚೇರಿಯಿಂದ ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಕಾಗದ ಇಲ್ಲದ್ದಕ್ಕಲ್ಲ, ಕಾಗದದ ವಯಸ್ಸು ತಪ್ಪಿದ್ದಕ್ಕೆ. ಬ್ಯಾಂಕಿನಲ್ಲಿರುವ ಹಣಕ್ಕೆ ಎರಡು ತಿಂಗಳು ತುಂಬಿರಬೇಕು. ಆ ಹಣ ಇದೆ ಎಂದು ಬ್ಯಾಂಕು ಕೊಡುವ ಪತ್ರಕ್ಕೆ ಒಂದು ವಾರವೂ ಮೀರಿರಬಾರದು. ಮದುವೆ ಎಷ್ಟೇ ಹಳೆಯದಾಗಿರಲಿ, ನೋಂದಣಿಯ ಪ್ರತಿ ಮಾತ್ರ ಇತ್ತೀಚಿನದೇ ಆಗಬೇಕು. ಎಲ್ಲವನ್ನೂ ಒಂದೇ ದಿನ ಸಂಗ್ರಹಿಸಲು ಹೊರಟರೆ ಒಂದಲ್ಲ ಒಂದು ತಪ್ಪಿಯೇ ತಪ್ಪುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮುಗಿಸಿಕೊಳ್ಳಿ.

ಮೊದಲಿಗೆ ಒಂದು ಗೊಂದಲ ಬಗೆಹರಿಯಲಿ. ವೀಸಾ ಬೇರೆ, ವಾಸದ ಅವಧಿಯ ವಿಸ್ತರಣೆ ಬೇರೆ. ಥಾಯ್ ಸಂಗಾತಿ ಇರುವವರು ಪಡೆಯಬಹುದಾದ 'ನಾನ್ ಇಮಿಗ್ರಂಟ್ ಓ' ಎಂಬ ವೀಸಾದಲ್ಲಿ ದೇಶದೊಳಗೆ ಬಂದರೆ 90 ದಿನ ಸಿಗುತ್ತದೆ. ಜನ 'ಮ್ಯಾರೇಜ್ ವೀಸಾ' ಎನ್ನುವುದು ಅದಾದ ಮೇಲೆ ವಲಸೆ ಕಚೇರಿಯಲ್ಲಿ ಪಡೆಯುವ ಒಂದು ವರ್ಷದ ವಿಸ್ತರಣೆಗೆ. ಇದರ ನಿಯಮ 327/2557 ಸಂಖ್ಯೆಯ ಆದೇಶದ 2.18ನೇ ಕಲಮಿನಲ್ಲಿದೆ. 2557 ಎಂಬುದು ಬೌದ್ಧ ಶಕೆ, ನಮ್ಮ ಲೆಕ್ಕಕ್ಕೆ 2014. ಥಾಯ್ ದಾಖಲೆಗಳಲ್ಲಿ ಇಸವಿ ಕಂಡಲ್ಲೆಲ್ಲ 543 ಕಳೆಯಬೇಕು. ಅನುವಾದದಲ್ಲಿ ಹುಟ್ಟಿದ ವರ್ಷ ತಪ್ಪುವುದು ಸಾಮಾನ್ಯವಾಗಿ ಇಲ್ಲೇ.

ಹಂತ 1: ಪಾಸ್‌ಪೋರ್ಟಿನ ಹೆಸರು ಸರಿಪಡಿಸಿಕೊಳ್ಳಿ

ನಮ್ಮ ಕಡೆಯ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಉಪನಾಮದ ಜಾಗ ಖಾಲಿ ಇರುತ್ತದೆ. ಊರು, ತಂದೆ, ಸ್ವಂತ ಹೆಸರು ಎಲ್ಲವೂ ಸೇರಿ ಒಂದೇ ಅಂಕಣದಲ್ಲಿ ಕೂತಿರುತ್ತವೆ, ಇಲ್ಲವೇ ಬರೀ ಇನಿಷಿಯಲ್ ಇರುತ್ತದೆ. ಥಾಯ್ ಫಾರಂಗಳಲ್ಲಿ ಹೆಸರು ಮತ್ತು ಉಪನಾಮ ಎರಡೂ ಬೇಕು. ಉಪನಾಮ ಇಲ್ಲದಿದ್ದರೆ ಜಿಲ್ಲಾ ಕಚೇರಿಯವರು ಒಂದು ರೀತಿ ಒಡೆದು ಬರೆಯುತ್ತಾರೆ, ಬ್ಯಾಂಕಿನವರು ಇನ್ನೊಂದು ರೀತಿ. ವರ್ಷದ ಕೊನೆಗೆ ನೋಡಿದರೆ ಮದುವೆಯಾದವರೊಬ್ಬರು, ಖಾತೆ ಇರುವವರು ಇನ್ನೊಬ್ಬರು ಎಂಬಂತೆ ದಾಖಲೆ ತಯಾರಾಗಿರುತ್ತದೆ.

ಮದುವೆ ನೋಂದಣಿ ಇನ್ನೂ ಆಗಿಲ್ಲವೆಂದರೆ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ ಹೆಸರು, ಉಪನಾಮ ಬೇರ್ಪಡಿಸಿಕೊಳ್ಳಿ. ನೋಂದಣಿಯಾದ ಮೇಲೆ ಇದನ್ನು ಮಾಡಿದರೆ ಹಿಂದಿನ ಕಾಗದಗಳನ್ನೆಲ್ಲ ಮತ್ತೆ ತಿದ್ದಿಸಬೇಕಾಗುತ್ತದೆ.

ಎರಡನೆಯದು ಥಾಯ್ ಲಿಪಿಯ ಬರಹ. ನಮ್ಮ ಗ, ಜ, ದ ಧ್ವನಿಗಳನ್ನು ಥಾಯ್‌ನಲ್ಲಿ ಒಬ್ಬೊಬ್ಬ ಅನುವಾದಕರು ಒಂದೊಂದು ಅಕ್ಷರದಲ್ಲಿ ಬರೆಯುತ್ತಾರೆ. ಸಂಗಾತಿಯ ಜೊತೆ ಕೂತು ಒಂದೇ ಬರಹ ಗೊತ್ತುಮಾಡಿ. ಅದನ್ನು ಚೀಟಿಯಲ್ಲಿ ಮುದ್ರಿಸಿ ಅನುವಾದಕರು, ಜಿಲ್ಲಾ ಕಚೇರಿ, ಬ್ಯಾಂಕು, ಎಲ್ಲರಿಗೂ ಅದನ್ನೇ ಕೊಡಿ. ಒಂದು ಸ್ವರಚಿಹ್ನೆ ಬೇರೆಯಾದರೂ ಅದು ಬೇರೆ ಹೆಸರೇ.

ಇದೇ ಹೊತ್ತಿಗೆ ಪಾಸ್‌ಪೋರ್ಟಿನ ಅವಧಿಯನ್ನೂ ನೋಡಿಕೊಳ್ಳಿ. ಪಾಸ್‌ಪೋರ್ಟ್ ಮುಗಿಯುವ ದಿನ ದಾಟಿ ವಿಸ್ತರಣೆ ಕೊಡುವುದಿಲ್ಲ. ಏಳು ತಿಂಗಳು ಉಳಿದಿದ್ದರೆ ಪೂರ್ತಿ ಶುಲ್ಕ ಕಟ್ಟಿಯೂ ಏಳೇ ತಿಂಗಳ ಮುದ್ರೆ.

ಹಂತ 2: ಮದುವೆ ಥಾಯ್ ದಾಖಲೆಗೆ ಸೇರಬೇಕು

ದೇವಸ್ಥಾನದ ರಸೀತಿ, ಛತ್ರದ ಆಲ್ಬಂ, ಹಳ್ಳಿಯಲ್ಲಿ ಭಿಕ್ಕುಗಳ ಎದುರು ನಡೆದ ಶಾಸ್ತ್ರ ಇವು ಯಾವುವೂ ಲೆಕ್ಕಕ್ಕಿಲ್ಲ. ಜಿಲ್ಲಾ ಕಚೇರಿಯ ದಾಖಲೆಯಲ್ಲಿ ಹೆಸರು ಬಂದರಷ್ಟೇ ಮದುವೆ. ಈ ಕಚೇರಿಗೆ ಊರ ಕಡೆ 'ಆಂಫೋ' ಎನ್ನುತ್ತಾರೆ, ಬ್ಯಾಂಕಾಕಿನಲ್ಲಿ 'ಖೇತ್'. ದಾಖಲಾಗಲು ಎರಡು ದಾರಿಗಳಿವೆ.

ಥಾಯ್ಲೆಂಡಿನಲ್ಲೇ ನೋಂದಾಯಿಸುವುದಾದರೆ ನೀವು ಅವಿವಾಹಿತರು, ಅಥವಾ ಮದುವೆಯಾಗಲು ಕಾನೂನಿನ ಅಡ್ಡಿ ಇಲ್ಲ ಎಂಬ ಪ್ರಮಾಣಪತ್ರವನ್ನು ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಯಿಂದ ಪಡೆಯಬೇಕು. ಅದನ್ನು ಥಾಯ್‌ಗೆ ಅನುವಾದ ಮಾಡಿಸಿ, ಬ್ಯಾಂಕಾಕಿನ ಚೆಂಗ್ ವತ್ತನ ಬಡಾವಣೆಯಲ್ಲಿರುವ ಥಾಯ್ ವಿದೇಶಾಂಗ ಸಚಿವಾಲಯದ ಕಾನ್ಸುಲರ್ ವಿಭಾಗದಲ್ಲಿ ದೃಢೀಕರಣದ ಮುದ್ರೆ ಹಾಕಿಸಿ. ಮುದ್ರೆಯೊಂದಕ್ಕೆ 200 ಬಾತ್, ತುರ್ತು ಸೇವೆಗೆ 400. ಆಮೇಲೆ ಇಬ್ಬರೂ ಸಾಕ್ಷಿಗಳ ಜೊತೆ ಜಿಲ್ಲಾ ಕಚೇರಿಗೆ ಹೋಗಬೇಕು. ಸಂಗಾತಿಯ ಗುರುತಿನ ಚೀಟಿ ಮತ್ತು 'ಥಬಿಯನ್ ಬಾನ್' ಎನ್ನುವ ಮನೆ ನೋಂದಣಿ ಪುಸ್ತಕ ಮೂಲದಲ್ಲೇ ಇರಬೇಕು. ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಪತ್ರ ಬೇಕು. ಹೆಂಡತಿಯಾಗುವವರ ಹಿಂದಿನ ಮದುವೆ ಮುಗಿದು 310 ದಿನ ಆಗಿಲ್ಲವೆಂದರೆ ಗರ್ಭಿಣಿಯಲ್ಲ ಎಂಬ ವೈದ್ಯರ ಪತ್ರವೂ ಬೇಕು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಕೌಂಟರಿನ ಎದುರು ನಿಂತಾಗ ಕೇಳುತ್ತಾರೆ.

ಭಾರತದಲ್ಲಿ ನೋಂದಾಯಿಸಿದ್ದರೆ ದಾರಿ ಇನ್ನೂ ಉದ್ದ. ವಿಶೇಷ ವಿವಾಹ ಕಾಯ್ದೆಯಡಿ 30 ದಿನಗಳ ನೋಟಿಸ್ ಕಳೆದ ಮೇಲೆ ಪ್ರಮಾಣಪತ್ರ ಸಿಗುತ್ತದೆ. ಅದಕ್ಕೆ ನಮ್ಮ ವಿದೇಶಾಂಗ ಸಚಿವಾಲಯದ ದೃಢೀಕರಣ, ಆಮೇಲೆ ಭಾರತದಲ್ಲಿರುವ ಥಾಯ್ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯ ಮುದ್ರೆ, ಆಮೇಲೆ ಥಾಯ್ ಅನುವಾದ, ಆಮೇಲೆ ಚೆಂಗ್ ವತ್ತನ, ಕೊನೆಗೆ ಜಿಲ್ಲಾ ಕಚೇರಿ. ಅಪೊಸ್ಟಿಲ್ ಎಂಬ ಅಂತರರಾಷ್ಟ್ರೀಯ ದೃಢೀಕರಣದ ಮುದ್ರೆಯೊಂದನ್ನೇ ಮಾಡಿಸಿಕೊಂಡು ವಿಮಾನ ಹತ್ತಿದವರು ಭಾರತದಲ್ಲಿ ಆಗಬೇಕಾದ ಮುದ್ರೆಗಾಗಿ ಕಾಗದವನ್ನು ವಾಪಸ್ ಕಳಿಸಬೇಕಾಗುತ್ತದೆ. ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಪ್ರತಿಯನ್ನು ಹೊರಡುವ ಮುಂಚೆಯೇ ಮಾಡಿಸಿ.

ಕೊನೆಗೆ ಕೈಗೆ ಬರುವುದು ಏನೆಂದು ಗುರುತಿಟ್ಟುಕೊಳ್ಳಿ. ಥಾಯ್ಲೆಂಡಿನಲ್ಲಿ ನೋಂದಾಯಿಸಿದರೆ 'ಖೋ ರೋ 3' ಎಂಬ ಪ್ರಮಾಣಪತ್ರ ಮತ್ತು 'ಖೋ ರೋ 2' ಎಂಬ ನೋಂದಣಿ ಪುಟ. ಹೊರಗೆ ಆದ ಮದುವೆಯನ್ನು ಅಲ್ಲಿ ದಾಖಲಿಸಿದರೆ 'ಖೋ ರೋ 22'. ಅಂಚಿನ ಚಿತ್ತಾರವಿರುವ ಪ್ರಮಾಣಪತ್ರ ನೋಡಲು ಚೆಂದ, ಆದರೆ ವಲಸೆ ಕಚೇರಿ ಪ್ರತಿ ವರ್ಷ ಹೊಸದಾಗಿ ಕೇಳುವುದು 2 ಅಥವಾ 22ನ್ನು.

ಸಲಿಂಗ ದಂಪತಿಗಳಿಗೆ 2025ರ ಜನವರಿಯಿಂದ ಥಾಯ್ಲೆಂಡಿನಲ್ಲಿ ನೋಂದಣಿ ಸಾಧ್ಯವಾಗಿದೆ. ಭಾರತದಲ್ಲಿ ಅಂಥ ಮದುವೆಯ ನೋಂದಣಿ ಇಲ್ಲವಾದ್ದರಿಂದ ಅವರಿಗೆ ಮೊದಲ ದಾರಿ ಒಂದೇ.

ಹಂತ 3: ಸರಿಯಾದ ವೀಸಾದಲ್ಲಿ ಒಳಗೆ ಬನ್ನಿ

ಥಾಯ್ಲೆಂಡಿನ ಇ-ವೀಸಾ ತಾಣದಲ್ಲಿ ನಾನ್ ಇಮಿಗ್ರಂಟ್ ಓ ಆಯ್ದುಕೊಂಡು, ಉದ್ದೇಶದ ಜಾಗದಲ್ಲಿ ಥಾಯ್ ಸಂಗಾತಿಯ ಜೊತೆ ವಾಸ ಎಂದು ಗುರುತಿಸಿ. ಮದುವೆ ದಾಖಲೆ, ಸಂಗಾತಿಯ ಗುರುತಿನ ಚೀಟಿ ಮತ್ತು ಮನೆ ಪುಸ್ತಕದ ಪ್ರತಿ, ನಿಮ್ಮ ಬ್ಯಾಂಕ್ ವಿವರ ಸೇರಿಸಬೇಕು. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೋ ಹಾಕಬೇಡಿ, ಸ್ಕ್ಯಾನ್ ಮಾಡಿಸಿ.

ಪ್ರವಾಸಿಯಾಗಿ ಬಂದು ಅಲ್ಲೇ ಬದಲಿಸಿಕೊಳ್ಳಲೂ ಆಗುತ್ತದೆ. ಪ್ರವಾಸಿ ವೀಸಾ ಇದ್ದವರಿಗೆ ಟಿಎಂ 86, ವೀಸಾ ಇಲ್ಲದೆ ಬಂದವರಿಗೆ ಟಿಎಂ 87 ಫಾರಂ, ಶುಲ್ಕ 2,000 ಬಾತ್. ಅರ್ಜಿ ಹಾಕುವ ದಿನ ವಾಸದ ಅವಧಿಯಲ್ಲಿ ಕನಿಷ್ಠ 15 ದಿನ ಉಳಿದಿರಬೇಕು. ಹಣ ಹೊರದೇಶದಿಂದ ನಿಮ್ಮ ಖಾತೆಗೇ ಬಂದದ್ದಕ್ಕೆ ದಾಖಲೆ ಕೇಳುತ್ತಾರೆ. ಇದು ನೇರ ದಾರಿಗಿಂತ ತಲೆನೋವು. ಊರಿನಲ್ಲಿ ಇರುವಾಗಲೇ ಓ ವೀಸಾ ಪಡೆಯಲು ಸಾಧ್ಯವಿದ್ದರೆ ಅದನ್ನೇ ಮಾಡಿ.

ಥಾಯ್ಲೆಂಡಿಗೆ ಬಂದಿಳಿಯುವ ಮುನ್ನದ ಮೂರು ದಿನಗಳೊಳಗೆ ಟಿಡಿಎಸಿ ಎಂಬ ಡಿಜಿಟಲ್ ಆಗಮನ ಪತ್ರ ತುಂಬಬೇಕು. 2025ರ ಮೇ 1ರಿಂದ ಇದು ಕಡ್ಡಾಯ. ಇದಕ್ಕೆ ಹಣ ಇಲ್ಲ. ಹಣ ಕೇಳಿದ ತಾಣ ಸರ್ಕಾರದ್ದಲ್ಲ.

ಹಂತ 4: ವಿಳಾಸದ ವರದಿ

ವಿದೇಶಿಯೊಬ್ಬರು ಮನೆಗೆ ಬಂದ 24 ಗಂಟೆಯೊಳಗೆ ಮನೆಯ ಯಜಮಾನರು ಟಿಎಂ 30 ವರದಿ ಕೊಡಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಕೆಲಸ, ಅತ್ತೆ ಮಾವನ ಮನೆಯಾದರೆ ಅವರದು. 'ನಮ್ಮ ಅಳಿಯ, ಅದಕ್ಕೇನು ವರದಿ' ಎಂದು ಮಾವ ನಕ್ಕು ಸುಮ್ಮನಾದರೂ ನೀವು ಸುಮ್ಮನಾಗಬೇಡಿ. ಈ ರಸೀತಿ ಇಲ್ಲದೆ ಮುಂದಿನ ಯಾವ ಅರ್ಜಿಯನ್ನೂ ಕೌಂಟರಿನಲ್ಲಿ ಮುಟ್ಟುವುದಿಲ್ಲ, ಜೊತೆಗೆ ದಂಡ ಬೀಳುತ್ತದೆ. ಯಾವ ವಲಸೆ ಕಚೇರಿಗೆ ಅರ್ಜಿ ಹಾಕಬೇಕು ಎಂಬುದೂ ಈ ವಿಳಾಸದಿಂದಲೇ ತೀರ್ಮಾನವಾಗುತ್ತದೆ.

ಹಂತ 5: ಹಣ, ಹೆಚ್ಚಿನವರು ಎಡವುವ ಜಾಗ

ಥಾಯ್ ಹೆಂಡತಿ ಇರುವ ವಿದೇಶಿ ಗಂಡ ಎರಡರಲ್ಲಿ ಒಂದನ್ನು ತೋರಿಸಬೇಕು: ಥಾಯ್ ಬ್ಯಾಂಕಿನಲ್ಲಿ 4 ಲಕ್ಷ ಬಾತ್, ಇಲ್ಲವೇ ತಿಂಗಳಿಗೆ 40,000 ಬಾತ್ ಆದಾಯ. ಥಾಯ್ ಗಂಡ ಇರುವ ವಿದೇಶಿ ಹೆಂಡತಿಗೆ ಈ ಹಣದ ಷರತ್ತು ಇಲ್ಲ.

ಖಾತೆ ನಿಮ್ಮೊಬ್ಬರ ಹೆಸರಿನಲ್ಲೇ ಇರಬೇಕು. ಜಂಟಿ ಖಾತೆ ನಡೆಯುವುದಿಲ್ಲ, ಹೆಂಡತಿಯ ಖಾತೆಯಂತೂ ಇಲ್ಲವೇ ಇಲ್ಲ. ಅರ್ಜಿಯ ದಿನಕ್ಕೆ ಹಿಂದಿನ ಎರಡು ತಿಂಗಳು ಪೂರ್ತಿ ಮೊತ್ತ 4 ಲಕ್ಷಕ್ಕಿಂತ ಒಂದು ಬಾತ್ ಕೂಡ ಇಳಿದಿರಬಾರದು. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ ಕಡಿತವಾಗಿ 3,99,700 ಆಯಿತೆಂದು ಎರಡು ತಿಂಗಳ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹತ್ತಿಪ್ಪತ್ತು ಸಾವಿರ ಹೆಚ್ಚಿಗೆ ಇಡಿ, ಈ ಖಾತೆಯ ಕಾರ್ಡು ದಿನಬಳಕೆಗೆ ಬೇಡ.

ಈಗ ತಾರೀಕಿನ ಲೆಕ್ಕ. ಜೂನ್ 1ಕ್ಕೆ ಬಂದಿಳಿದಿರಿ ಎನ್ನಿ. 90 ದಿನಗಳ ಮುದ್ರೆ ಆಗಸ್ಟ್ 29ಕ್ಕೆ ಮುಗಿಯುತ್ತದೆ. ಕೊನೆಯ ದಿನದವರೆಗೆ ಕಾಯದೆ ಆಗಸ್ಟ್ 25ಕ್ಕೆ ಅರ್ಜಿ ಹಾಕಬೇಕೆಂದರೆ ಹಣ ಜೂನ್ 24ರೊಳಗೆ ಖಾತೆಯಲ್ಲಿ ಕೂತಿರಬೇಕು. ಅಂದರೆ ಬಂದ ಮೂರು ವಾರಗಳಲ್ಲಿ ಖಾತೆ ತೆರೆದು, ಊರಿನಿಂದ ಹಣ ತರಿಸಿ ಮುಗಿಸಬೇಕು. ಹೊಸಬರಿಗೆ ಖಾತೆ ತೆರೆಯಲು ಎಷ್ಟೋ ಶಾಖೆಗಳು ವಾಸದ ಪ್ರಮಾಣಪತ್ರ ಕೇಳುತ್ತವೆ, ಅದಕ್ಕೆ ಟಿಎಂ 30 ಬೇಕು. ನಾಲ್ಕನೇ ಹಂತವನ್ನು ಮೊದಲ ದಿನವೇ ಮುಗಿಸಿ ಎನ್ನುವುದು ಇದಕ್ಕೇ. ಒಂದು ಶಾಖೆ ಆಗುವುದಿಲ್ಲ ಎಂದರೆ ಅದೇ ಬ್ಯಾಂಕಿನ ಪಕ್ಕದ ಶಾಖೆ ಆಗಬಹುದು ಎನ್ನುತ್ತದೆ. ಸಂಗಾತಿಯ ಖಾತೆ ಇರುವ ಶಾಖೆಗೇ ಮೊದಲು ಹೋಗಿ.

ಲೆಕ್ಕ ತಪ್ಪಿಹೋದರೆ ಒಂದು ಕಿಂಡಿ ಇದೆ. ಥಾಯ್ ಸಂಗಾತಿಯನ್ನು ಭೇಟಿಯಾಗಲು ಎಂಬ ಕಾರಣಕ್ಕೆ 60 ದಿನಗಳ ವಿಸ್ತರಣೆ ಸಿಗುತ್ತದೆ. ಅದಕ್ಕೂ ವರ್ಷದ ವಿಸ್ತರಣೆಗೆ ತುಂಬುವ ಟಿಎಂ 7 ಫಾರಮ್ಮೇ, ಶುಲ್ಕ 1,900 ಬಾತ್. ಹಣದ ಎರಡು ತಿಂಗಳು ತುಂಬಿಸಿಕೊಳ್ಳಲು ಇದು ಧಾರಾಳ ಸಾಕು.

ಭಾರತದಿಂದ ಕಳಿಸುವಾಗ ಇನ್ನೊಂದು ಅಂಶ ಗಮನಿಸಿ. ಭಾರತದ ನಿವಾಸಿಯಾಗಿ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ (ಎಲ್‌ಆರ್‌ಎಸ್) ಹಣ ಕಳಿಸಿದರೆ ಆರ್ಥಿಕ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗದ ಮೇಲೆ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿಯಾಗುವ ತೆರಿಗೆ, ಕಡಿತವಾಗುತ್ತದೆ. 4 ಲಕ್ಷ ಬಾತ್ ಹೆಚ್ಚುಕಡಿಮೆ ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ. ಮಾರ್ಚಿಯಲ್ಲಿ ಸ್ವಲ್ಪ, ಏಪ್ರಿಲಿನಲ್ಲಿ ಉಳಿದದ್ದು ಕಳಿಸಿದರೆ ಎರಡು ವರ್ಷಕ್ಕೆ ಹಂಚಿಹೋಗುತ್ತದೆ. ಆದರೆ ಎರಡು ತಿಂಗಳ ಎಣಿಕೆ ಪೂರ್ತಿ ಮೊತ್ತ ತುಂಬಿದ ದಿನದಿಂದ ಎಂಬುದು ನೆನಪಿರಲಿ. ಕಡಿತವಾದ ಟಿಸಿಎಸ್ಸನ್ನು ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಆದಾಯದ ದಾರಿ ಹಿಡಿದವರಲ್ಲಿ ಥಾಯ್ಲೆಂಡಿನಲ್ಲಿ ಕೆಲಸ ಮಾಡುವವರು ವರ್ಕ್ ಪರ್ಮಿಟ್, ಕಂಪನಿಯ ಪತ್ರ ಮತ್ತು ತೆರಿಗೆ ಕಟ್ಟಿದ ದಾಖಲೆ ಕೊಡಬೇಕು. ಹೊರಗಿನ ಆದಾಯವಾದರೆ ಪ್ರತಿ ತಿಂಗಳೂ 40,000 ಬಾತ್‌ಗೆ ಕಡಿಮೆಯಿಲ್ಲದಂತೆ ವಿದೇಶದಿಂದ ಬಂದದ್ದು ಖಾತೆಯಲ್ಲಿ ಕಾಣಬೇಕು. ಒಂದು ತಿಂಗಳು 38 ಸಾವಿರ, ಮರುತಿಂಗಳು 42 ಸಾವಿರ ಎಂದು ಸರಾಸರಿ ಹಿಡಿಯುವುದಿಲ್ಲ. ಅಂದಹಾಗೆ, ಈ ವಿಸ್ತರಣೆಯಿಂದ ಕೆಲಸ ಮಾಡುವ ಹಕ್ಕು ತಾನಾಗಿ ಬರುವುದಿಲ್ಲ. ವರ್ಕ್ ಪರ್ಮಿಟ್ ಬೇರೆಯೇ ಬೇಕು.

ಹಂತ 6: ಅರ್ಜಿಯ ವಾರ

ಮುಗಿಯುವ ದಿನಕ್ಕೆ 30 ದಿನ ಮುಂಚಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಬೇಗ ಹಾಕಿದರೆ ನಷ್ಟವಿಲ್ಲ, ಹೊಸ ವರ್ಷ ಎಣಿಕೆಯಾಗುವುದು ಹಳೆಯ ಅವಧಿ ಮುಗಿದ ದಿನದಿಂದಲೇ. ಈ ಕೆಲಸಗಳನ್ನು ಇದೇ ಸರದಿಯಲ್ಲಿ ಮಾಡಿ:

1. ನಾಲ್ಕೈದು ದಿನ ಮುಂಚೆ ಜಿಲ್ಲಾ ಕಚೇರಿಯಿಂದ ಹೊಸ ಖೋ ರೋ 2 ಅಥವಾ 22.
2. ಮನೆಯ ಫೋಟೋಗಳು. ಇಬ್ಬರೂ ಎಲ್ಲದರಲ್ಲೂ ಇರಬೇಕು: ಮನೆ ನಂಬರ್ ಕಾಣುವಂತೆ ಬಾಗಿಲ ಮುಂದೆ, ಹಜಾರದಲ್ಲಿ, ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ. ಮದುವೆಯ ಸ್ಟುಡಿಯೋ ಫೋಟೋ ಇದಕ್ಕೆ ಬದಲಿಯಲ್ಲ.
3. ಮನೆಗೆ ಬರುವ ದಾರಿಯ ನಕ್ಷೆ. ಗುಡಿ, ಶಾಲೆ, ಸೆವೆನ್ ಇಲೆವೆನ್ ಅಂಗಡಿ ಹೀಗೆ ಗುರುತು ಹಾಕಿ. ನಕ್ಷೆ ಹಿಡಿದು ಅಧಿಕಾರಿಗಳು ಬಂದರೂ ಬರಬಹುದು.
4. ಅರ್ಜಿಯ ದಿನ ಬೆಳಿಗ್ಗೆ, ಇಲ್ಲವೇ ಹಿಂದಿನ ದಿನ, ಬ್ಯಾಂಕಿನ ಪತ್ರ ಮತ್ತು ಖಾತೆಯ ವಿವರಪಟ್ಟಿ.
5. ಅರ್ಜಿಯ ದಿನವೇ 100 ಬಾತ್ ಜಮಾ ಮಾಡಿ ಪಾಸ್‌ಬುಕ್ಕಿನಲ್ಲಿ ಆ ದಿನದ ಸಾಲು ಮುದ್ರಿಸಿಕೊಳ್ಳಿ. ಆಮೇಲೆ ಜೆರಾಕ್ಸ್. ಮೊದಲೇ ಜೆರಾಕ್ಸ್ ಮಾಡಿಸಿ ಆಮೇಲೆ ಸಾಲು ಮುದ್ರಿಸಿದವರು ಮತ್ತೆ ಅಂಗಡಿಗೆ ಓಡಬೇಕಾಗುತ್ತದೆ.

ಇವುಗಳ ಜೊತೆ ಟಿಎಂ 7 ಫಾರಂ, 4×6 ಸೆಂಟಿಮೀಟರ್ ಫೋಟೋ, ಪಾಸ್‌ಪೋರ್ಟಿನ ಮುದ್ರೆಗಳಿರುವ ಎಲ್ಲ ಪುಟಗಳ ಪ್ರತಿ, ಟಿಎಂ 30 ರಸೀತಿ, ಸಂಗಾತಿಯ ಗುರುತಿನ ಚೀಟಿ ಮತ್ತು ಮನೆ ಪುಸ್ತಕದ ಪ್ರತಿ, ಮಕ್ಕಳಿದ್ದರೆ ಅವರ ಜನನ ಪತ್ರ. ನಿಮ್ಮ ಕಾಗದದ ಪ್ರತಿ ಪುಟಕ್ಕೂ ನಿಮ್ಮ ಸಹಿ, ಸಂಗಾತಿಯ ಕಾಗದಕ್ಕೆ ಅವರದೇ ಸಹಿ, ನೀಲಿ ಶಾಯಿಯಲ್ಲಿ. ಎಲ್ಲವೂ ಎರಡು ಸೆಟ್ ಇರಲಿ, ಏಕೆಂದರೆ ಮದುವೆಯ ಕಡತ ಒಪ್ಪಿಗೆಗೆ ಮೇಲಿನ ಕಚೇರಿಗೆ ಹೋಗುತ್ತದೆ.

ಸಂಗಾತಿ ಉಪನಾಮ ಬದಲಿಸಿಕೊಂಡಿದ್ದರೆ ಗುರುತಿನ ಚೀಟಿ, ಮನೆ ಪುಸ್ತಕ ಎರಡರಲ್ಲೂ ಬದಲಾಗಿದೆಯೇ ನೋಡಿ. ಬದಲಿಸಲೇಬೇಕೆಂಬ ಕಾನೂನು ಇಲ್ಲ. ನಿಮ್ಮ ಪಾಸ್‌ಪೋರ್ಟಿನಲ್ಲೇ ಉಪನಾಮ ಗೊಂದಲವಾಗಿದ್ದರೆ ಅವರು ತಮ್ಮದನ್ನೇ ಉಳಿಸಿಕೊಳ್ಳುವುದು ಎಲ್ಲರಿಗೂ ಕ್ಷೇಮ.

ಹಂತ 7: ಕೌಂಟರ್, ಮನೆ ತಪಾಸಣೆ, ಕಾಯುವ ತಿಂಗಳು

ಇಬ್ಬರೂ ಹೋಗಬೇಕು. ಶುಲ್ಕ 1,900 ಬಾತ್. ಬ್ಯಾಂಕಾಕಿನವರಿಗೆ ಚೆಂಗ್ ವತ್ತನದ ಸರ್ಕಾರಿ ಸಂಕೀರ್ಣದ ಬಿ ಕಟ್ಟಡ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಟೋಕನ್ ತೆಗೆದುಕೊಳ್ಳಿ. ಮಧ್ಯಾಹ್ನದ ಮೇಲೆ ಒಂದು ಕಾಗದ ಕಡಿಮೆ ಬಿದ್ದರೆ ತಂದುಕೊಡಲು ಹೊತ್ತಿರುವುದಿಲ್ಲ. ಕೆಲವು ಕಚೇರಿಗಳು ನೆರೆಮನೆಯವರೊಬ್ಬರನ್ನು ಸಾಕ್ಷಿಯಾಗಿ, ಗುರುತಿನ ಚೀಟಿಯ ಸಮೇತ ಕರೆತರಲು ಹೇಳುತ್ತವೆ. ಕಚೇರಿಯಿಂದ ಕಚೇರಿಗೆ ಪಟ್ಟಿ ಬದಲಾಗುವುದರಿಂದ ಒಂದು ತಿಂಗಳು ಮುಂಚೆ ಹೋಗಿ ಅವರದೇ ಮುದ್ರಿತ ಪಟ್ಟಿ ತನ್ನಿ. ಬೇರೆ ಪ್ರಾಂತ್ಯದ ಗೆಳೆಯರ ಪಟ್ಟಿಯನ್ನು ನಂಬಿ ಹೋಗಬೇಡಿ.

ಅದೇ ದಿನ ಒಂದು ವರ್ಷದ ಮುದ್ರೆ ಸಿಗುವುದಿಲ್ಲ. 'ಪರಿಶೀಲನೆಯಲ್ಲಿದೆ' ಎಂಬ ಸುಮಾರು 30 ದಿನಗಳ ಮುದ್ರೆ ಹಾಕಿ ಮತ್ತೆ ಬರಬೇಕಾದ ತಾರೀಕು ಬರೆಯುತ್ತಾರೆ. ಇದನ್ನು ನಿರಾಕರಣೆ ಎಂದುಕೊಂಡು ಗಾಬರಿಯಾಗುವವರಿದ್ದಾರೆ, ಇದು ಮಾಮೂಲು ಕ್ರಮ. ಈ ತಿಂಗಳಲ್ಲಿ ಅಧಿಕಾರಿಗಳು ಮನೆಗೆ ಬರಬಹುದು, ಅಕ್ಕಪಕ್ಕದವರನ್ನು ಕೇಳಬಹುದು. ಮುದ್ರೆ ಕೈಗೆ ಬರುವವರೆಗೆ 4 ಲಕ್ಷ ಮುಟ್ಟಬೇಡಿ, ದೇಶ ಬಿಟ್ಟು ಹೋಗಬೇಡಿ. ವರ್ಷದ ಮುದ್ರೆ ಬಿದ್ದ ಮೇಲೆ ಹಣ ಬಳಸಬಹುದು. ನಿವೃತ್ತಿ ಆಧಾರದ ವಿಸ್ತರಣೆಯಲ್ಲಿ ಹಾಗಲ್ಲ, ಅಲ್ಲಿ ಮುದ್ರೆ ಬಿದ್ದ ಮೇಲೂ ಹಣ ಇಡಬೇಕು. ಇವೆರಡರ ನಿಯಮ ಕಲಸಿ ಸಲಹೆ ಕೊಡುವವರು ಬಹಳ.

ಹಂತ 8: ವರ್ಷವಿಡೀ ತಪ್ಪಬಾರದ ಎರಡು ಕೆಲಸ

ಒಂದು, 90 ದಿನಗಳ ವರದಿ. ಟಿಎಂ 47 ಫಾರಂ, ಶುಲ್ಕವಿಲ್ಲ. ತಾರೀಕಿಗೆ 15 ದಿನ ಮುಂಚಿನಿಂದ 7 ದಿನ ಆಚೆಯವರೆಗೆ ಕಚೇರಿಯಲ್ಲಿ ಕೊಡಬಹುದು. ಮೊದಲ ಸಲ ಖುದ್ದಾಗಿ, ಆಮೇಲೆ ಆನ್‌ಲೈನ್. ತಪ್ಪಿದರೆ 2,000 ಬಾತ್ ದಂಡ. ಎಣಿಕೆ ಕೊನೆಯ ಸಲ ದೇಶದೊಳಗೆ ಬಂದ ದಿನದಿಂದ. ಈ ವರದಿ ಕೊಟ್ಟರೆ ವಾಸದ ಅವಧಿ ಬೆಳೆಯುವುದಿಲ್ಲ.

ಎರಡು, ಮರುಪ್ರವೇಶದ ಅನುಮತಿ. ಅಮ್ಮನಿಗೆ ಹುಷಾರಿಲ್ಲ ಎಂದು ರಾತ್ರೋರಾತ್ರಿ ಬೆಂಗಳೂರಿಗೆ ಹೊರಟು, ಈ ಅನುಮತಿ ಇಲ್ಲದೆ ಗಡಿ ದಾಟಿದರೆ ವರ್ಷದ ವಿಸ್ತರಣೆ ಅಲ್ಲಿಗೇ ಸತ್ತಿತು. ಮತ್ತೆ ಮೂರನೇ ಹಂತದಿಂದ ಶುರು. ಟಿಎಂ 8 ಫಾರಂ, ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಎಂಬುದಕ್ಕೆ 3,800. ಊರಿನಲ್ಲಿ ವಯಸ್ಸಾದ ತಂದೆತಾಯಿ ಇರುವವರು ವರ್ಷದ ಮುದ್ರೆ ಬಿದ್ದ ದಿನವೇ 3,800 ಕಟ್ಟಿಬಿಡಿ. ವಾಪಸ್ ಬರುವಾಗ ವಿಮಾನ ನಿಲ್ದಾಣದ ಅಧಿಕಾರಿಗೆ ಆ ಪುಟ ತೆರೆದು ತೋರಿಸಿ, ಕೌಂಟರ್ ಬಿಡುವ ಮುಂಚೆ ಹೊಸ ಮುದ್ರೆಯ ತಾರೀಕು ಓದಿ. ಪ್ರವಾಸಿ ಎಂದು ಹೊಡೆದುಬಿಟ್ಟಿದ್ದರೆ ಅಲ್ಲೇ ಕೇಳಿದರೆ ನಿಮಿಷದ ಕೆಲಸ, ಮನೆಗೆ ಬಂದ ಮೇಲೆ ದೊಡ್ಡ ಅಲೆದಾಟ.

ಎಲ್ಲಿ ಎಚ್ಚರ ಬೇಕು

'ನಿಮ್ಮ ಖಾತೆಗೆ ನಾವೇ ನಾಲ್ಕು ಲಕ್ಷ ಹಾಕಿ ತೋರಿಸುತ್ತೇವೆ', 'ನೀವು ಬರುವುದೇ ಬೇಡ, ಪಾಸ್‌ಪೋರ್ಟ್ ಕೊಟ್ಟು ಕಳಿಸಿ' ಎನ್ನುವ ಏಜೆಂಟರಿಂದ ದೂರವಿರಿ. ಕಚೇರಿಗೆ ಕಾಲಿಡದೆ ಬಂದ ಮುದ್ರೆ ನಕಲಿಯಾಗಿದ್ದರೆ ಸಿಕ್ಕಿಬೀಳುವವರು ನೀವು, ಏಜೆಂಟರಲ್ಲ. ಅನುವಾದ, ಫಾರಂ ತುಂಬುವುದು, ಸಾಲಿನಲ್ಲಿ ಜೊತೆಗಿರುವುದು ಇಷ್ಟಕ್ಕೆ ಹಣ ಕೊಡಬಹುದು.

ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್, ಗರಿಷ್ಠ 20,000. ಕಟ್ಟಿದರಾಯಿತು ಎನ್ನುವಷ್ಟು ಸಲೀಸಲ್ಲ. 90 ದಿನ ದಾಟಿದ ಮೇಲೆ ತಾವಾಗಿ ಹೊರಟರೂ ಒಂದು ವರ್ಷ ಪ್ರವೇಶ ನಿಷೇಧ, ಒಂದು ವರ್ಷ ದಾಟಿದ್ದರೆ ಮೂರು ವರ್ಷ. ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಕೆಲವೇ ದಿನ ಮೀರಿದ್ದರೂ ಐದು ವರ್ಷ.

ವಿಚ್ಛೇದನ ದಾಖಲಾದರೆ ಈ ವಿಸ್ತರಣೆಯ ಆಧಾರವೇ ಹೋಗುತ್ತದೆ, ಮುದ್ರೆಯಲ್ಲಿ ಎಷ್ಟು ತಿಂಗಳು ಉಳಿದಿದ್ದರೂ ಅಷ್ಟೆ. ಥಾಯ್ ಪೌರತ್ವದ, 20 ವರ್ಷ ತುಂಬದ ಮಗು ಜೊತೆಗಿದ್ದರೆ ಮಗುವಿನ ಆಧಾರದ ಮೇಲೆ ಬೇರೆ ಅರ್ಜಿ ಹಾಕಬಹುದು. ಅದಕ್ಕೆ ಜನನ ಪತ್ರದಲ್ಲಿ ತಂದೆ ಅಥವಾ ತಾಯಿಯಾಗಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯೇ ಎಂದು ಮಗು ಹುಟ್ಟಿದ ವಾರವೇ ನೋಡಿಕೊಂಡಿರಿ.